ಮಂಟಪದ ಕೆಳಗಿಂದ ಕಂಡ ಧಾರೆ

ಹೋದ ವಾರ ತುಮಕೂರಿನ ನಮ್ಮ ಕ್ಯಾಮೆರಾ ಅಂಗಡಿಯಲ್ಲಿ ನಾಲ್ಕು ಜನ ಇದ್ದೆವು. ಗಲ್ಲಾಪೆಟ್ಟಿಗೆಯ ಹಿಂದೆ ಸಾಹುಕಾರರು, ಕೌಂಟರಿನ ಈಚೆ ನಾನು, ಆಚೆ ಸಿ.ಎಸ್. ಪುರದ ಕಡೆಯ ಗಂಡ ಹೆಂಡತಿ. ಇಬ್ಬರೂ ಮದುವೆ ಫೋಟೋ ತೆಗೆಯುವವರು. ಕ್ಯಾಮೆರಾ ಬಾಡಿ ಬದಲಾಯಿಸಬೇಕೋ, ಇರುವ ಬಾಡಿಗೇ ಒಳ್ಳೆಯ ಲೆನ್ಸ್ ಕೊಳ್ಳಬೇಕೋ ಅಂತ ಅವರೊಳಗೇ ಜಟಾಪಟಿ ನಡೆದಿತ್ತು. ಮಾತಿನ ನಡುವೆ ಹೆಂಡತಿ, ಇನ್ನೂ ಹುಡುಗಿಯೇ, ಹೆಗಲಿನ ಬ್ಯಾಗು ಇಳಿಸಿ ಗಾಜಿನ ಮೇಲೆ ಇಟ್ಟಳು. ಪಟ್ಟಿಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ದಿನವಿಡೀ ಭಾರ ಹೊತ್ತ ಹೆಗಲಿಗೆ ಹಚ್ಚಿಕೊಳ್ಳೋದು, ಹೆಗಲಿಂದ ಅದು ಪಟ್ಟಿಗೆ ಇಳಿಯೋದು. ಫೋಟೋದವರಲ್ಲಿ ಇದೇನು ಹೊಸದಲ್ಲ. ಆದರೂ ಹೆಂಗಸೊಬ್ಬಳ ಕ್ಯಾಮೆರಾ ಬ್ಯಾಗಿನಿಂದ ಆ ವಾಸನೆ ಬಂದು ಎಷ್ಟು ವರ್ಷವಾಗಿತ್ತೋ... ಆ ಹುಡುಗಿ ಏನೋ ಕೇಳುತ್ತಿದ್ದಳು, ನನ್ನ ಮನಸ್ಸು ಆಗಲೇ ಗುಬ್ಬಿ ಬಸ್ಸು ಹತ್ತಿಬಿಟ್ಟಿತ್ತು.

ಗುಬ್ಬಿಯಲ್ಲಿ ಒಬ್ಬರಿದ್ದರು. ನಾವೆಲ್ಲ ಸ್ಟುಡಿಯೋ ಅಕ್ಕ ಅಂತಿದ್ದೆವು. ಸ್ಟುಡಿಯೋ ಇಟ್ಟಿದ್ದು ಅವರ ಗಂಡ. ಆತ ತೀರಿಕೊಂಡ ಮೇಲೆ ಆ ಬಾಗಿಲು ಇನ್ನು ತೆಗೆಯೋದಿಲ್ಲ ಅಂದುಕೊಂಡವರೇ ಎಲ್ಲ. ಅಕ್ಕ ತಿಥಿ ಮುಗಿಸಿ ಬಂದು ಬಾಗಿಲು ತೆಗೆದರು. ಮೊದಮೊದಲು ಪಾಸ್‌ಪೋರ್ಟ್ ಸೈಜಿನ ಫೋಟೋ, ಆಮೇಲೆ ಸೀಮಂತ, ಆಮೇಲೆ ಮದುವೆ. ಹೆಣ್ಣಿನ ಮನೆಯವರಿಗೆ ಅವರೆಂದರೆ ಸಲೀಸು. ಸೆರಗು ಸರಿ ಮಾಡಿಕೊಳ್ಳಮ್ಮ ಅಂತ ಹೇಳೋದೇನು, ತಾವೇ ಕೈಹಾಕಿ ನೆರಿಗೆ ಕೂರಿಸಿ ಹಿಂದೆ ಸರಿದು ಕ್ಲಿಕ್ ಅನ್ನಿಸೋರು.

ಒಂದೇ ಒಂದು ತೊಡಕಿತ್ತು. ಹಾಗಲವಾಡಿ ಕಡೆಯ ಯಾವುದೋ ಮದುವೆಯಲ್ಲಿ, ಧಾರೆಯ ಹೊತ್ತಿಗೆ ಅಕ್ಕ ಮಂಟಪದ ಮೇಲಿದ್ದಾಗ, ಒಬ್ಬ ಅಜ್ಜಿ ಬಂದು ಕೈ ಹಿಡಿದು, "ಬೇಜಾರ್ ಮಾಡ್ಕೋಬ್ಯಾಡ ಕಣವ್ವ, ತಾಳಿ ಕಟ್ಟೋಗಂಟ ಕೆಳಗಿರು" ಅಂದಿತಂತೆ. ಗಂಡ ಸತ್ತವಳು ಆ ಗಳಿಗೆಯಲ್ಲಿ ಮದುಮಗಳ ಹತ್ತಿರ ಇರಬಾರದು ಅಂತ. ಬೈದಿದ್ದರೆ ಅಕ್ಕ ಜಗಳಕ್ಕೆ ನಿಲ್ಲುವ ಹೆಂಗಸು. ಆದರೆ ಅಜ್ಜಿ ಬೆಣ್ಣೆಯಂಥ ಮಾತಲ್ಲಿ ಹೇಳಿಬಿಟ್ಟಿತ್ತು... ಬೆಣ್ಣೆಯಂಥ ಮಾತಿಗೆ ಏನಂತ ಜಗಳ ಆಡೋದು? ಅಲ್ಲಿಂದಾಚೆಗೆ ಯಾರೂ ಹೇಳುವ ಮೊದಲೇ ಅಕ್ಕ ಕೆಳಗೆ. ಮೇಲಿನ ಫೋಟೋಗಳಿಗೆ ಬೇರೊಬ್ಬ ಫೋಟೋಗ್ರಾಫರನ್ನು ಕರೆದುಕೊಂಡು ಹೋಗೋರು. ತಾವು ಎಲ್ಲರ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಅದರ ಮೇಲೆ ನಿಂತು ತೆಗೆಯೋರು. ಅದೇ ಅವರ ಪದ್ಧತಿ ಅಂತ ಎಲ್ಲರಿಗೂ ರೂಢಿಯಾಗಿ, ಯಾಕೆ ಅನ್ನೋದು ಮರೆತೇಹೋಗಿತ್ತು.

ಹೀಗಿರುವಾಗ ಅಕ್ಕನ ಒಬ್ಬಳೇ ಮಗಳಿಗೆ ಕುಣಿಗಲ್ ಕಡೆ ಗಂಡು ಗೊತ್ತಾಯಿತು. ಲಗ್ನಪತ್ರಿಕೆ ಕೊಡೋಕೆ ತಾಯಿ ಮಗಳು ಇಬ್ಬರೂ ಅಂಗಡಿಗೆ ಬಂದರು. ಪತ್ರಿಕೆ ಕೊಟ್ಟಾದ ಮೇಲೆ ಅಕ್ಕ ತಮ್ಮ ಹಳೆಯ ಕ್ಯಾಮೆರಾ ಹೊರತೆಗೆದು ಗಾಜಿನ ಮೇಲೆ ಇಟ್ಟರು.

"ಮದ್ವೆ ಒಳಗೆ ಒಂದೇ ತಗೊಳಕ್ಕಾಗೋದು ಕಣಪ್ಪ. ಬಾಡಿನೋ ಲೆನ್ಸೋ ನೀನೇ ಹೇಳು. ಧಾರೆ ಎರೆಯೋಕೆ ಇವಳ ದೊಡ್ಡಪ್ಪ ದೊಡ್ಡಮ್ಮ ನಿಲ್ತಾರೆ. ನಾನು ಕೆಳಗಿರ್ತೀನಿ. ಕೆಳಗಿಂದ್ಲೇ ಇವಳ ಮುಖ ಹತ್ರ ಕಾಣ್ಬೇಕು. ಅಷ್ಟೇ ನಂಗೆ."

ನಾನು ಬಾಡಿ ಅಂದೆ. ಕಾರಣಗಳು ನಾಲಿಗೆಯ ತುದಿಯಲ್ಲೇ ಇದ್ದವು. ಕಲ್ಯಾಣಮಂಟಪದ ಬೆಳಕಿನಲ್ಲಿ ಅವರ ಹಳೆಯ ಬಾಡಿ ತೆಗೆದ ಫೋಟೋ ರವೆ ಚೆಲ್ಲಿದ ಹಾಗೆ ಕಾಣೋದು. ಹೊಸದರಲ್ಲಿ ಆ ಕಾಟವಿಲ್ಲ. ದೂರದಿಂದ ತೆಗೆದರೂ ಆಮೇಲೆ ಕಂಪ್ಯೂಟರಿನಲ್ಲಿ ಸುತ್ತ ಕತ್ತರಿಸಿ ಮುಖ ಮಾತ್ರ ದೊಡ್ಡದು ಮಾಡಿಕೊಳ್ಳಬಹುದು, ಹತ್ತಿರದಿಂದ ತೆಗೆದ ಹಾಗೇ ಇರುತ್ತೆ ಅಂತ ವಿವರಿಸಿದೆ.

ಅಕ್ಕ ತಲೆದೂಗುತ್ತಾ ಕೇಳಿಸಿಕೊಂಡು, "ಆಮೇಲೆ ನೋಡೋದು ಬ್ಯಾರೆ ಕಣಪ್ಪ. ಫೋಟೋ ಯಾರ್ ಬೇಕಾದ್ರೂ ಆಮೇಲೆ ನೋಡ್ತಾರೆ. ತಾಳಿ ಬೀಳೋವಾಗ ನನ್ ಕಣ್ಣಿಗೆ ಕಾಣ್ಬೇಕಲ್ಲ" ಅಂದರು.

ಅಲ್ಲಿಗೆ ನನ್ನ ವಾದ ಮುಗಿದುಹೋಯಿತು. ಅದು ಲೆನ್ಸಿನ ಕೆಲಸವೇ. ಉದ್ದನೆಯ ಲೆನ್ಸ್ ಹಾಕಿ ಕಣ್ಣಿಟ್ಟರೆ ಅಷ್ಟು ದೂರದ ಮುಖ ಆ ಕ್ಷಣಕ್ಕೇ ಎದುರು ಬಂದು ನಿಲ್ಲುತ್ತೆ. ಸಾಹುಕಾರರು ಗಲ್ಲಾದಿಂದಲೇ ದನಿ ಸೇರಿಸಿದರು.

"ಬಾಡಿ ಅಂದ್ರೆ ಸೀರೆ ಕಣಮ್ಮ, ಇವತ್ತೊಂದು ನಾಳೆ ಇನ್ನೊಂದು. ಲೆನ್ಸು ಒಡವೆ ಇದ್ದಂಗೆ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

"ಸೀರೆ ಒಡವೆ ಕತೆ ಮದುಮಗಳಿಗೆ ಹೇಳಿ ಸಾಹುಕಾರ್ರೇ, ನಂಗ್ಯಾಕೆ" ಅಂದರು ಅಕ್ಕ. ಎಲ್ಲರೂ ನಕ್ಕೆವು.

ಮಗಳು ಮಾತ್ರ ನಗಲಿಲ್ಲ. ಫೋನು ನೋಡುತ್ತಾ ನಿಂತಿದ್ದವಳು ತಲೆ ಎತ್ತಿ, "ಅಮ್ಮ, ಸುಮ್ನೆ ನೀನು ಮೇಲೆ ಬಂದ್ಬಿಡು. ನಿನ್ ಹಳೇ ಲೆನ್ಸೇ ಸಾಕು" ಅಂದಳು.

"ಏಯ್, ಆ ಮಾತು ಬುಡು. ಗಂಡಿನ ಕಡೆಯವರು ಏನಂದ್ಕೊಂಡಾರು" ಅಂದರು ಅಕ್ಕ. ಬೈಗುಳವೇನಲ್ಲ, ಆದರೆ ನನ್ನ ಕಡೆ ಒಮ್ಮೆ, ಸಾಹುಕಾರರ ಕಡೆ ಒಮ್ಮೆ ನೋಡಿದರು. ಈಗ ಯೋಚಿಸಿದರೆ, ನಮ್ಮಿಬ್ಬರಲ್ಲಿ ಯಾರಾದರೂ 'ಹುಡುಗಿ ಹೇಳೋದ್ರಲ್ಲಿ ತಪ್ಪೇನಿದೆ' ಅಂತಾರೇನೋ ಅಂತ ಕಾದ ನೋಟ ಅದು ಅನ್ನಿಸುತ್ತೆ... ಇರಲಿಕ್ಕೂ ಇಲ್ಲ. ಸಾಹುಕಾರರು ಲಗ್ನಪತ್ರಿಕೆಯನ್ನು ಎರಡನೇ ಸಲ ಓದತೊಡಗಿದರು. ನಾನು, "ಮಂಟಪದಿಂದ ಎಷ್ಟು ದೂರ ನಿಲ್ತೀರಾ ಅಕ್ಕ?" ಅಂತ ಕೇಳಿದೆ. ಮಾತು ಮತ್ತೆ ಲೆನ್ಸಿಗೆ ಬಂತು. ಕೌಂಟರಿನ ಮೇಲೆ ಬಿದ್ದ ಮಗಳ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ.

ದೊಡ್ಡ ಲೆನ್ಸು ಹಾಕಿಕೊಟ್ಟೆ. ಅಕ್ಕ ಅದನ್ನು ಎತ್ತಿಕೊಂಡು ಅಂಗಡಿಯ ಬಾಗಿಲಿಗೆ ಹೋಗಿ ರಸ್ತೆಯಾಚೆಯ ಹೂವಿನವಳ ಕಡೆ ಹಿಡಿದರು. ತುಂಬಾ ಹೊತ್ತು ಹಾಗೇ ನಿಂತಿದ್ದರು. "ಆಯಮ್ಮನ ಮೂಗುಬೊಟ್ಟಿನ ಕಲ್ಲು ಕಾಣ್ತದಲ್ಲೋ" ಅಂದರು. ಆವತ್ತು ಅವರ ಮುಖದಲ್ಲಿದ್ದ ಸಂತೋಷ ಈಗಲೂ ನೆನಪಿದೆ.

ಮದುವೆಗೆ ನಾನು ಕುಣಿಗಲ್ಲಿಗೆ ಹೋಗಿದ್ದೆ. ಅಕ್ಕ ಬಾಗಿಲಲ್ಲೇ ನಿಂತು ಬಂದವರನ್ನೆಲ್ಲ ತಿಂಡಿಗೆ ಕಳಿಸುತ್ತಿದ್ದರು. ರೇಷ್ಮೆ ಸೀರೆ, ಕೊರಳಲ್ಲಿ ಕ್ಯಾಮೆರಾ, ಅದರ ತುದಿಗೆ ತಂಬಿಗೆಯಷ್ಟು ದಪ್ಪದ ಲೆನ್ಸು. ಯಾರೋ ನೆಂಟರು, "ಏನಕ್ಕ, ಮಗಳ ಮದ್ವೇಲೂ ಕೆಲ್ಸ ಮಾಡ್ತೀಯಾ, ಮೇಲ್ ಹೋಗಿ ಕೂತ್ಕೊಳಲ್ವಾ?" ಅಂತ ಕೇಳಿದರು. "ಇನ್ನೊಬ್ಬರ ಕೈಗೆ ಕೊಡಕ್ಕೆ ನಂಬಿಕೆ ಇಲ್ಲ ಕಣಮ್ಮ" ಅಂತ ನಕ್ಕು ಆಚೆ ಹೋದರು. ಕ್ಯಾಮೆರಾ ಕೈಯಲ್ಲಿದ್ದರೆ ಕೆಳಗೆ ಯಾಕಿದ್ದೀಯ ಅಂತ ಯಾರಿಗೂ ಉತ್ತರ ಕೊಡಬೇಕಿಲ್ಲ. ಅದು ನನಗೆ ಹೊಳೆದದ್ದೂ ಆಗಲೇ.

ಧಾರೆಯ ಹೊತ್ತಾಯಿತು. ದೊಡ್ಡಪ್ಪ ದೊಡ್ಡಮ್ಮ ಮೇಲೆ ನಿಂತರು. ಅಕ್ಕ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ನಿಂತು ಕಣ್ಣಿಗೆ ಕ್ಯಾಮೆರಾ ಇಟ್ಟರು. ಕುರ್ಚಿ ಹಾಕಲಾ ಅಕ್ಕ ಅಂದೆ. "ಹೆಣ್ಣಿನ ತಾಯಿ ಕುರ್ಚಿ ಹತ್ತಿ ನಿಂತ್ರೆ ಬೀಗರು ನಗಲ್ವೇನೋ" ಅಂದರು. ಬೇರೆಯವರ ಮದುವೆಯಲ್ಲಾದರೆ ಜೋರಾಗಿ ಕೂಗಿ ಜನರನ್ನು ಸರಿಸುತ್ತಿದ್ದ ಹೆಂಗಸು. ಇಲ್ಲಿ ಇದ್ದವರೆಲ್ಲ ಮೈದುನಂದಿರು, ನಾದಿನಿಯರು, ಬೀಗರು. ಯಾರನ್ನು ಸರೀರಿ ಅನ್ನೋದು?

ಗಟ್ಟಿಮೇಳ ಅಂದದ್ದೇ ತಡ, ಕೂತಿದ್ದ ಜನವೆಲ್ಲ ಎದ್ದು ಅಕ್ಷತೆ ಹಿಡಿದು ಮಂಟಪದ ಕಡೆ ನುಗ್ಗಿದರು. ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದರಲ್ಲಿ ಎತ್ತಿ ಹಿಡಿದ ಮೊಬೈಲು. ನಮ್ಮ ಮುಂದೆ ಬೆನ್ನು, ತೋಳು, ಮುಡಿದ ಹೂವು. ಅಕ್ಕ ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ತುದಿಗಾಲಲ್ಲಿ ನಿಂತರು. ಆಮೇಲೆ ಒಂದೇ ಕಡೆ ಕ್ಯಾಮೆರಾ ಹಿಡಿದು ಅಲ್ಲಾಡದೆ ನಿಂತುಬಿಟ್ಟರು. ಏನೋ ಸಿಕ್ಕಿತು ಅಂದುಕೊಂಡೆ. ಓಲಗ ನಿಧಾನವಾದ ಮೇಲೆ ಕ್ಯಾಮೆರಾ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡು, "ಬಡಿಸೋಕೆ ಎಷ್ಟು ಜನ ಇದಾರೋ ನೋಡ್ಬೇಕು" ಅಂತ ಊಟದ ಮನೆ ಕಡೆ ಹೋದರು.

ಆಗ ಅಕ್ಕ ತೆಗೆದ ಫೋಟೋ ನಾನು ಆಮೇಲೆ ಅಂಗಡಿಯಲ್ಲಿ ನೋಡಿದೆ. ಮುಂದೆ ನಿಂತಿದ್ದ ಯಾರದೋ ಕೈ, ಆ ಕೈಯಲ್ಲಿ ಮೇಲೆತ್ತಿದ ಮೊಬೈಲು, ಮೊಬೈಲಿನ ಪರದೆಯೊಳಗೆ ಹೆಬ್ಬೆರಳಿನಷ್ಟು ಮದುಮಗಳು, ತಲೆ ಬಗ್ಗಿಸಿ ತಾಳಿ ಕಟ್ಟಿಸಿಕೊಳ್ಳುತ್ತಿರುವುದು. ಲೆನ್ಸು ಬಹಳ ಚೆನ್ನಾಗಿ ಹಿಡಿದಿತ್ತು. ಪರದೆಯ ಮೇಲಿದ್ದ ಗೀರು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. "ಕಂಡ್ಳಲ್ಲ, ಬುಡು" ಅಂದರು ಅಕ್ಕ. ಕೆಳಗೆ ನಿಂತ ಮೇಲೆ ಬಾಡಿ ತಗೊಂಡಿದ್ದರೂ ಅಷ್ಟೇ, ಲೆನ್ಸ್ ತಗೊಂಡರೂ ಅಷ್ಟೇ ಅಂತ ಇಬ್ಬರಿಗೂ ಗೊತ್ತಿತ್ತು.

ಅದಾದ ಮೇಲೂ ಅಕ್ಕ ಮದುವೆಗಳಿಗೆ ಹೋದರು. ಲೆನ್ಸಿನ ಭಾರಕ್ಕೆ ಹೆಗಲು ನೋವು ಹತ್ತಿಕೊಂಡಿತು, ನೀಲಗಿರಿ ಎಣ್ಣೆಯ ವಾಸನೆ ಶುರುವಾದದ್ದೇ ಆಗ. ಒಂದು ಬೆಳಿಗ್ಗೆ ಸ್ಟುಡಿಯೋ ಕಸ ಗುಡಿಸುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ ಅಂತ ಫೋನು ಬಂತು...

ಸಿ.ಎಸ್. ಪುರದ ಗಂಡ ಹೆಂಡತಿಗೆ ನಾನು ಲೆನ್ಸೇ ತೋರಿಸಿದೆ. ಯೋಚನೆ ಮಾಡಿ ಬರ್ತೀವಿ ಅಂತ ಹೋದರು. ಇಷ್ಟು ವರ್ಷದಲ್ಲಿ ಎಷ್ಟೋ ಜನಕ್ಕೆ ಹೀಗೆ ಬಾಡಿ, ಲೆನ್ಸು ಅಂತ ಬುದ್ಧಿ ಹೇಳಿದ್ದೀನಿ. ಆವತ್ತು ಅಕ್ಕನ ಮಗಳು ಆಡಿದ ಒಂದು ಮಾತಿಗೆ ದನಿಗೂಡಿಸಲಿಲ್ಲವಲ್ಲ ಅನ್ನೋದು ಮಾತ್ರ ಉಳಿದುಕೊಂಡಿದೆ.

ಅಕ್ಕ ತೀರಿಕೊಂಡು ಒಂದು ವರ್ಷ ಕಳೆದ ಮೇಲೆ ಆ ಮಗಳಿಗೆ ಹೆಣ್ಣುಮಗು ಆಯಿತು. ನಾಮಕರಣ ಗುಬ್ಬಿಯ ಒಂದು ಸಮುದಾಯ ಭವನದಲ್ಲಿ. ನಮ್ಮನ್ನೂ ಕರೆದಿದ್ದಳು. ಅಷ್ಟರಲ್ಲಿ ಅವಳ ದೊಡ್ಡಪ್ಪನೂ ತೀರಿಕೊಂಡಿದ್ದರು. ದೊಡ್ಡಮ್ಮ ಬರಿ ಹಣೆಯಲ್ಲಿ, ಅಡುಗೆಮನೆಯ ಬಾಗಿಲ ಹತ್ತಿರ ಗೋಡೆಗೆ ಆತುಕೊಂಡು ನಿಂತಿದ್ದರು. ತೊಟ್ಟಿಲಿಗೆ ಮಗು ಹಾಕೋಕೆ ಮುತ್ತೈದೆಯರು ಬನ್ನಿ ಅಂತ ಯಾರೋ ಕೂಗಿದರು. ಮಗಳು ಮಗುವನ್ನು ಗಂಡನ ಕೈಗೆ ಕೊಟ್ಟು ವೇದಿಕೆಯ ಮೆಟ್ಟಿಲಿಳಿದು ಬಂದಳು. ದೊಡ್ಡಮ್ಮನ ಕೈ ಹಿಡಿದು ಮೇಲೆ ಕರೆದುಕೊಂಡು ಹೋದಳು. ಮಗುವನ್ನು ತೊಟ್ಟಿಲಿಗೆ ಹಾಕಿದ್ದು ಅವರೇ.