ಗಟ್ಟಿಯಾಗಿ ಓದಿದ ಕವಿತೆ

ಕಳೆದ ವಾರ ಕುಕ್ಕರಿನ ಹಬೆ ತಗುಲಿ ಬೆರಳು ಸುಟ್ಟಿತು. ಮುಲಾಮಿನ ಮುಚ್ಚಳ ತೆಗೆದೊಡನೆ ಆ ವಾಸನೆ... ಪಲ್ಲಾವರಂನಲ್ಲಿ ನಮ್ಮ ಎದುರುಮನೆ ಮಾಮಿಯ ಕೈಯಿಂದ ಬರುತ್ತಿದ್ದದ್ದು ಅದೇ.

ತೊಂಬತ್ತರ ದಶಕದ ಕೊನೆ. ನಾನು ಕನ್ನಡ ಎಂ.ಎ. ಓದುತ್ತಿದ್ದೆ. ಮಾಮಿ ಮೈಸೂರಿನ ಕಡೆಯವರು. ಅವರ ಗಂಡ ಇಲ್ಲೇ ತಮಿಳುನಾಡಿನಲ್ಲೇ ಹುಟ್ಟಿ ತಮಿಳು ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು, ಓದಲು ಮಾತ್ರ ಒಂದಕ್ಷರ ಬಾರದು. ಹಾಗಾಗಿ ಮಾಮಿ ತಮ್ಮ ಕವಿತೆಗಳ ನೋಟ್‌ಬುಕ್ಕನ್ನು ಟೀವಿಯ ಮೇಲೇ ಇಟ್ಟಿರುತ್ತಿದ್ದರು.

"ಅವರು ನೋಡಿದ್ರೆ ಮಾಮಿ?"

"ನೋಡ್ಲಿ ಬಿಡೇ. ದೇವರನಾಮ ಬರ್ಕೋತೀನಿ ಅಂದ್ಕೊಂಡಿದಾರೆ. ಪೆನ್ನೂ ಅವರೇ ತಂದ್ಕೊಡೋದು!"

ಅದರಲ್ಲೊಂದು ಇಸ್ತ್ರಿ ಪೆಟ್ಟಿಗೆಯ ಕವಿತೆ. ಗಂಡನ ಕಾಲರಿನಲ್ಲಿ ಉಳಿದ ಒಂದು ಸುಕ್ಕಿಗೆ ಶಿಕ್ಷೆಯಾಗಿ ಮಣಿಕಟ್ಟು ಸುಡುತ್ತದೆ. ಆಮೇಲೆ ಗಾಯದ ಮೇಲೆ ಬರುವ ಹೊಸ ಚರ್ಮವನ್ನು ಅವರು ಕೂಸನ್ನು ಮಾತಾಡಿಸುವಂತೆ ಮಾತಾಡಿಸಿದ್ದರು. ಸಾಲುಗಳು ನೆನಪಿಲ್ಲ. ನೆನಪಿದೆ ಎಂದರೆ ಅವು ನಾನು ಕಟ್ಟಿದವೇ ಇರಬೇಕು.

ಅದನ್ನು ನಕಲು ಮಾಡಿಕೊಂಡು ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಓದಿದೆ. ಹೆಸರು ಹೇಳಲಿಲ್ಲ, ಅಷ್ಟು ಸಾಕೆಂದುಕೊಂಡೆ. ಹೆಣ್ಣಿನ ನೋವು ಮಾತಾಗಬೇಕು ಎಂದು ಸೆಮಿನಾರುಗಳಲ್ಲಿ ಕೇಳಿ ಕೇಳಿ ತಲೆಗೇರಿದ್ದ ವಯಸ್ಸು. ಓದಲು ಬಾರದವರಿಗೂ ಕಿವಿ ಇರುತ್ತದೆಂದು ಹೊಳೆಯಲೇ ಇಲ್ಲ. ಮೂರನೇ ಸಾಲಿನಲ್ಲಿ ಮಾಮಿ ತಲೆ ತಗ್ಗಿಸಿ ಕೂತಿದ್ದರು. ಪಕ್ಕದಲ್ಲಿದ್ದ ಗಂಡ ಚಪ್ಪಾಳೆ ತಟ್ಟಿದರು. ಹೊರಗೆ ಚಪ್ಪಲಿ ಮೆಟ್ಟುತ್ತ ನನ್ನ ಕಡೆ ತಿರುಗಿ, "ಸೂಪರಾ ಓದಿದೆಮ್ಮಾ. ಇದೇ ಮಾದ್ರಿ ಇನ್ನೂ ಎಷ್ಟಿದೆ?" ಎಂದರು.

ನಾಲ್ಕು ದಿನ ಬಿಟ್ಟು ಹೋದಾಗ ಮಾಮಿ ಗ್ರಿಲ್ ಬಾಗಿಲು ತೆಗೆಯಲಿಲ್ಲ.

"ದಿನಾ ಕಾಫಿ ಆದ್ಮೇಲೆ ಒಂದೊಂದು ಓದಿಸ್ತಾರೆ ಕಣೆ. ನಾನೇ ಓದ್ಬೇಕು, ನಾನೇ ಆ ಹಾಳೆ ಹರೀಬೇಕು," ಎಂದರು. ಬೈಯಲಿಲ್ಲ. ಬೈದಿದ್ದರೆ...

"ನೀನು ಚೆನ್ನಾಗೇ ಓದ್ದೆ. ಹೋಗೀಗ, ಅವರು ಬರೋ ಹೊತ್ತು."

ಮನೆಗೆ ಬಂದವಳು ನನ್ನ ನಕಲನ್ನೂ ಹರಿದುಹಾಕಿದೆ. ಯಾರ ಭಯಕ್ಕೋ.

ಎರಡು ತಿಂಗಳಲ್ಲಿ ಅವರು ಮನೆ ಖಾಲಿ ಮಾಡಿದರು. ತಾಂಬರಂ ಆಚೆ ಎಲ್ಲೋ ಎಂದು ಯಾರೋ ಹೇಳಿದರು. ನಾನು ಹುಡುಕಲಿಲ್ಲ. ಮಾಮಿ ಇದ್ದಾರೋ, ಮತ್ತೆ ಬರೆದರೋ ತಿಳಿಯದು. ಆ ಕವಿತೆಗಳಂತೂ ಇಲ್ಲ.

ನಿನ್ನೆ ಆ ವರ್ಷದ ಡೈರಿ ತೆಗೆದು ನೋಡಿದೆ. "ಸಭೆಯಲ್ಲಿ ಓದಲೇ ಎಂದು ಮೊದಲೇ ಕೇಳಿದ್ದೆ, ಮಾಮಿ ಒಪ್ಪಿದ್ದರು" ಎಂದು ನನ್ನದೇ ಅಕ್ಷರದಲ್ಲಿದೆ. ಅದನ್ನು ಬರೆದದ್ದು, ಗ್ರಿಲ್ ಬಾಗಿಲಿನಿಂದ ವಾಪಸು ಬಂದ ದಿನ.