ಆವಿಯ ಕೊಳವೆಗೆ ಮೆತ್ತಿದ ಹಿಟ್ಟು

ಮಾದೇವಿ, ಆ ಕೊಳವೆಗೆ ರಾಗಿಹಿಟ್ಟು ಕಲಸಿ ಮೆತ್ತಿದವಳು ನಾನು. ನೀನು ಸುಟ್ಟುಕೊಂಡಿದ್ದು ನಿನ್ನ ಆತುರದಿಂದಲ್ಲ, ನನ್ನಿಂದ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಬದುಕಿದೆ — ಹೊತ್ತು ಹೊತ್ತಿಗೆ ಉಂಡುಕೊಂಡು ಚೆನ್ನಾಗಿಯೇ ಬದುಕಿದೆ.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಚೆಂದ ಮಾಡಿ ಹೇಳಲು ಬರುವುದಿಲ್ಲ. ಬಂದರೂ ಇದನ್ನು ಚೆಂದ ಮಾಡಿ ಹೇಳಬಾರದು.

ನಂಜನಗೂಡಿನ ಆ ಫ್ಯಾಕ್ಟರಿಯ ಕ್ಯಾಂಟೀನಿಗೆ ನಾವಿಬ್ಬರೂ ಒಂದೇ ದಿನ ಸೇರಿದ್ದು. ನೀನು ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ನಾನು ಕಳಲೆಯಿಂದ. ನಿನ್ನ ಮಗಳು ಇನ್ನೂ ಹಾಲು ಕುಡಿಯುವ ಕೂಸು. ನಾನು ಆಗಲೇ ಸುತ್ತಲ ಊರುಗಳ ಮದುವೆಗೆ, ತಿಥಿಗೆ ಸೌದೆ ಒಲೆಯಲ್ಲಿ ಬೇಯಿಸಿ ಹೆಸರು ಮಾಡಿದವಳು. ಕೆಲಸ ಹೇಳಿಕೊಡಬೇಕಾದ ಕಂಟ್ರಾಕ್ಟರು ನಮಗೆ ಏನು ಕೊಟ್ಟ? ತಲೆಗೊಂದು ಟೋಪಿ, ಮುಂದೆ ಕಟ್ಟಿಕೊಳ್ಳಲು ಒಂದು ಬಟ್ಟೆ. ಬಾಯ್ಲರಿನಿಂದ ಪೈಪಿನಲ್ಲಿ ಆವಿ ಬಂದು ಅನ್ನ ಬೇಯುವ ಆ ದೊಡ್ಡ ಸ್ಟೀಲಿನ ಪಾತ್ರೆಗಳನ್ನು ನಾವು ಕಂಡೇ ಇರಲಿಲ್ಲ. ಅವನ್ನು ತಂದು ಕೂರಿಸಿದವರು ಕಂಟ್ರಾಕ್ಟರಿಗೆ ಎಲ್ಲ ತೋರಿಸಿ ಹೋದರಂತೆ. ಅವನೇನು ಅನ್ನ ಬೇಯಿಸುತ್ತಾನೆಯೇ? ಬೇಯಿಸಬೇಕಾದ ನಮ್ಮನ್ನು ಆ ಹೊತ್ತಿನಲ್ಲಿ ಹಿಂದುಗಡೆ ಈರುಳ್ಳಿ ಸುಲಿಯಲು ಕೂರಿಸಿದ್ದ.

"ಸಾ, ಇದು ಎಂಗೆ ಅಂತ ಒಂದ್ಸಲ ತೋರ್ಸಿ" ಎಂದು ಕೇಳಿದ್ದು ನೀನು. ನಾನಲ್ಲ.

"ತೋರ್ಸಕ್ಕೇನಮ್ಮ ಐತೆ? ಅಕ್ಕಿ ಸುರಿ, ನೀರು ಬುಡು, ಆವಿ ತಿರುಪು ತಿರುಗ್ಸು. ಮಿಕ್ಕಿದ್ದ ಮಿಷಿನ್ನೇ ಮಾಡ್ತದೆ. ಅಡುಗೆಯೋರು ಅಂತ ತಾನೆ ನಿಮ್ಮ ಕರ್ಕಂಡಿರದು?"

"ಬುಡು ಕೂಸು, ಊರೂರ್ಗೇ ಬೇಯ್ಸಿರೋಳು ನಾನಿವ್ನಿ" ಎಂದು ನಾನು ಅವನ ಮುಂದೆಯೇ ನಿನ್ನ ಬಾಯಿ ಮುಚ್ಚಿಸಿದೆ. ನನಗೂ ಗೊತ್ತಿಲ್ಲ ಎಂದು ಒಂದು ಮಾತು — ನಾಲಿಗೆ ತಿರುಗಲಿಲ್ಲ. ಹೆಸರು ಮಾಡಿದವಳಲ್ಲವೇ.

ನೀನು ಸುಟ್ಟುಕೊಂಡ ದಿನ ಅನ್ನ ತಡವಾಗಿತ್ತು. ಮುಚ್ಚಳದಿಂದ ಗೋಡೆಯ ಕಡೆಗೆ ಬಗ್ಗಿದ ಸಣ್ಣ ಕೊಳವೆಯಲ್ಲಿ ಆವಿ ಬುಸುಗುಟ್ಟಿ ಹೋಗುತ್ತಲೇ ಇತ್ತು. ಮನೆಯಲ್ಲಿ ಕಡುಬು ಬೇಯಿಸುವಾಗ ಆವಿ ಹೊರಗೆ ಹೋಗದಂತೆ ಸಂದಿಗೆ ಕಲಸಿದ ಹಿಟ್ಟು ಮೆತ್ತುತ್ತೇವೆ, ನಮ್ಮತ್ತೆ ಕಲಿಸಿದ್ದು. ಇಲ್ಲೂ ಅದನ್ನೇ ಮಾಡಿದೆ. ಮುದ್ದೆಗೆ ಇಟ್ಟಿದ್ದ ಹಿಟ್ಟಿನಲ್ಲಿ ಒಂದು ಹಿಡಿ ಕಲಸಿ ಕೊಳವೆಯೊಳಕ್ಕೆ ಸೌಟಿನ ಹಿಡಿಯಲ್ಲಿ ಗಟ್ಟಿಯಾಗಿ ತುರುಕಿದೆ. ಸದ್ದು ನಿಂತಿತು. ನನಗೆ ಹೆಮ್ಮೆ. ಆ ಕೊಳವೆ ಇದ್ದದ್ದೇ ಆವಿ ಹೋಗಲಿಕ್ಕೆ ಎಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನಿನ್ನನ್ನು ಕರೆದೆ. "ಬೆಂದದಾ ನೋಡು, ಮುಚ್ಳ ತಗಿ."

"ಮೊದ್ಲು ತಿರುಪು ನಿಲ್ಸ್ಬೇಕೇನೋ ಅಕ್ಕ" ಅಂದೆ ನೀನು.

"ತಗಿ ಅಂದ್ರೆ ತಗಿ. ಊಟಕ್ಕೆ ಬರೋರ್ಗೆ ನಿನ್ ಮಕ ತೋರ್ಸ್ತೀಯಾ?"

ನೀನು ನಕ್ಕೆ. ನಗುತ್ತಲೇ ಮುಚ್ಚಳದ ಕೊಂಡಿ ಬಿಚ್ಚಿದೆ, ಇನ್ನೊಂದು ಬಿಚ್ಚಿದೆ — ಆಮೇಲಿನದು ನಿನ್ನ ಕೆನ್ನೆಯ ಮೇಲೆ, ಕೈಗಳ ಮೇಲೆ ಇದೆ, ನಾನು ಬರೆಯಬೇಕಾಗಿಲ್ಲ.

ನಿನ್ನನ್ನು ಆಟೋಗೆ ಎತ್ತಿ ಮಲಗಿಸುವಾಗ ನಾನು ಜೊತೆಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನೀನು ಒಂದು ದಿನವೂ ಕೇಳಲಿಲ್ಲ. ಒಳಗೆ ಹೋಗಿ, ಆ ಕೊಳವೆಯಲ್ಲಿ ಬೆಂದು ಗಟ್ಟಿಯಾಗಿದ್ದ ಹಿಟ್ಟನ್ನು ಚಾಕುವಿನಿಂದ ಕೆರೆದು ಮುಸುರೆ ಬಕೆಟ್ಟಿಗೆ ಹಾಕಿದೆ. ಅಷ್ಟು ಬುದ್ಧಿ ಮಾತ್ರ ನನಗೆ ಯಾರೂ ಕಲಿಸದೆಯೇ ಬಂತು.

ಕಂಟ್ರಾಕ್ಟರು ಓಡಿ ಬಂದ. "ಯಾರ್ ತಗ್ದಿದ್ದು ಮುಚ್ಳನಾ?"

"ಅವ್ಳೇ ಸಾ. ತಡಿ ತಡಿ ಅಂದೆ, ಕೇಳ್ನಿಲ್ಲ. ಆತುರಗೇಡಿ."

ಅವನಿಗೆ ಅಷ್ಟೇ ಬೇಕಾಗಿತ್ತು. ಅವಳ ತಪ್ಪಿಗೆ ನಾನ್ಯಾಕೆ ಹೊಣೆ ಎಂದು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ, ನಿನ್ನ ಗಂಡ ಬಂದು ಗೇಟಿನಲ್ಲಿ ನಿಂತರೆ ಒಳಗೆ ಬಿಡಲಿಲ್ಲ. ನಿನ್ನ ಜಾಗಕ್ಕೆ ಬೇರೆಯವಳು ಬಂದಳು. ಆಮೇಲೆ ಪಾತ್ರೆ ಕೂರಿಸಿದವರ ಕಡೆಯ ಯಾರೋ ಒಬ್ಬ ಬಂದು ಕೊಳವೆ ಯಾಕೆ, ತಿರುಪು ಯಾವಾಗ ಎಂದು ನಮ್ಮನ್ನೆಲ್ಲ ನಿಲ್ಲಿಸಿ ಹೇಳಿಕೊಟ್ಟ. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಆ ಪಾಠಕ್ಕೆ ನಿನ್ನ ಮುಖ ಬೇಕಾಯಿತು. ಅದನ್ನು ಕಲಿತುಕೊಂಡು ನಾನು ಅಲ್ಲೇ ದೊಡ್ಡ ಅಡುಗೆಯವಳಾದೆ.

ಆ ಕಂಟ್ರಾಕ್ಟರನ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಎತ್ತನ್ನು ಗಾಡಿಗೆ ಹೂಡುವ ಮೊದಲೂ ನಾಲ್ಕು ದಿನ ಪಳಗಿಸುತ್ತಾರೆ. ಅವನು ನಮ್ಮನ್ನು ಆ ಎತ್ತಿನಷ್ಟೂ ಲೆಕ್ಕಕ್ಕೆ ಇಡಲಿಲ್ಲ. ಆದರೆ ಆ ಸಿಟ್ಟು ಬೇರೆ, ಇದು ಬೇರೆ. ಹಿಟ್ಟು ಮೆತ್ತಿದ್ದು ಗೊತ್ತಿಲ್ಲದೆ. ಹಿಟ್ಟು ಕೆರೆದದ್ದು ಗೊತ್ತಿದ್ದೇ. ಎರಡನೆಯದಕ್ಕೆ ಯಾವ ಕಂಟ್ರಾಕ್ಟರೂ ಇಲ್ಲ.

ಹೋದ ತಿಂಗಳು ಬನ್ನೂರಿನ ಮದುವೆಯಲ್ಲಿ ನೀನೇ ನನ್ನನ್ನು ಗುರುತು ಹಿಡಿದು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡೆ. ಮಗಳನ್ನು ತೋರಿಸಿ, "ಇವ್ಳೂ ಕೆಲ್ಸಕ್ಕೆ ಸೇರ್ತಾವ್ಳೆ ಅಕ್ಕ" ಅಂದೆ. ಆಮೇಲೆ ಅವಳಿಗೆ ಹೇಳಿದೆ: "ಈ ಅಕ್ಕ ಅವತ್ತು ತಡಿ ತಡಿ ಅಂತ ಬಡ್ಕಂಡ್ರು, ನಾನೇ ಕೇಳ್ನಿಲ್ಲ. ನೀನು ನನ್ನಂಗೆ ಆತುರ ಬೀಳ್ಬೇಡ ಕೂಸು."

ನಾನು ತಡಿ ಅನ್ನಲೇ ಇಲ್ಲ, ಮಾದೇವಿ. ತಡೆಯಲು ನೋಡಿದ್ದು ನೀನು. ಆಸ್ಪತ್ರೆಯಲ್ಲಿ ನೋವಿನಲ್ಲಿ ಬಿದ್ದಿದ್ದಾಗ ಬಂದವರೆಲ್ಲ ಅದನ್ನೇ ಹೇಳಿರಬೇಕು, ನೀನು ಅದನ್ನೇ ನಂಬಿದೆ. ನನ್ನ ಸುಳ್ಳು ನಿನ್ನ ನೆನಪಾಗಿ ಕೂತುಬಿಟ್ಟಿದೆ. ಚರ್ಮ ಹೋದದ್ದು ಸಾಲದು ಎಂದು — ನಿನ್ನ ನೆನಪನ್ನೂ ಕಿತ್ತುಕೊಂಡೆ.

ಅಲ್ಲಿ ಹೇಳಬೇಕಿತ್ತು. ಎಲೆ ಮಡಚಿ ಎದ್ದು ಬಂದೆ.

ಈ ಭಾನುವಾರ ನರಸೀಪುರಕ್ಕೆ ಬರುತ್ತೇನೆ. ನಿನ್ನ ಗಂಡ, ನಿನ್ನ ಅತ್ತೆ, ಮಗಳು ಎಲ್ಲರೂ ಮನೆಯಲ್ಲಿರುವ ಹೊತ್ತು ನೋಡಿ ಬರುತ್ತೇನೆ. ಕ್ಷಮಿಸು ಎಂದು ಕೇಳಲು ಅಲ್ಲ. ಅದು ನೀನು ಕೊಡಬೇಕಾದದ್ದೂ ಅಲ್ಲ. ಒಳಗೆ ಕರೆಯಬೇಡ, ನೀರೂ ಕೊಡಬೇಡ. ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು, ನಿನ್ನ ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ — ನಿಮ್ಮವ್ವ ಆತುರ ಬಿದ್ದವಳಲ್ಲ ಎಂದು.