ಅಪ್ಪನ ಪಿಸ್ತೂಲಿನ ಬಿರುಕು

ನಮ್ಮ ಯಜಮಾನರು ಮೂವತ್ತು ವರ್ಷದಿಂದ ಕೋವಿ, ಪಿಸ್ತೂಲು ರಿಪೇರಿ ಮಾಡುತ್ತಾರೆ. ಮಾತು ಕಮ್ಮಿ. ಅವರ ಪಾಲಿನದನ್ನೂ ನಾನೇ ಆಡಿ ಮುಗಿಸುತ್ತೇನೆ, ಬೇರೆ ಗತಿಯಿಲ್ಲ. ಹಳೆಯ ಪಿಸ್ತೂಲು ಬಂದರೆ ಅವರದೊಂದು ಪರೀಕ್ಷೆಯಿದೆ. ಬಿಚ್ಚಿ, ಇಡೀ ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿಯುತ್ತಾರೆ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಜಿನುಗಿ ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಮೆರುಗು, ಕಪ್ಪು ಬಣ್ಣ ಎಲ್ಲ ಆಮೇಲೆ.

ನನ್ನ ತಮ್ಮ ನಮ್ಮಪ್ಪನ ಪಿಸ್ತೂಲು ತಂದಾಗ ಮಾತ್ರ ಕ್ರಮ ತಪ್ಪಿಸಿದರು. ಮಾವನ ಸ್ವತ್ತು, ಮೊದಲು ಹೊಳೆಯಲಿ ಎಂದು ತುಕ್ಕು ಉಜ್ಜಿ, ಕನ್ನಡಿಯಂತೆ ಮಾಡಿ, ಫೋಟೊ ಕಳಿಸಿದರು. ತಮ್ಮ ಕುಣಿದಾಡಿದ. ಆಮೇಲೆ ನೆನೆಸಿ ಸುಣ್ಣ ಬಳಿದರೆ ನಳಿಗೆಯ ಬುಡದಲ್ಲಿ ಕೂದಲೆಳೆಯಷ್ಟು ಒದ್ದೆ ಗೆರೆ.

ಕರೆಸಿ ತೋರಿಸಿದೆವು. ಅವನು ಹೆಬ್ಬೆರಳಿನಿಂದ ಸುಣ್ಣ ಒರೆಸಿ, "ಎಲ್ಲಿದೆ ಭಾವ ಬಿರುಕು?" ಅಂದ.

"ನಾನು ಉಜ್ಜಿದ್ರಲ್ಲಿ ಬಿರುಕಿನ ಬಾಯಿ ಮುಚ್ಕೊಂಡಿದೆ ಕಣೋ. ತಪ್ಪು ನಂದೇ. ಆದ್ರೆ ಒಳಗಿದೆ. ಹೊಡೀಬೇಡ, ಕೈ ಹೋಗುತ್ತೆ."

"ಅಪ್ಪ ಇಪ್ಪತ್ತು ವರ್ಷ ಹೊಡೆದ್ರು. ನಿಮ್ಮ ಕೈಗೆ ಬಂದ ಮೇಲೆ ಬಿರುಕು ಬಂತಾ?"

"ನಿನ್ನ ತಲೇಲಿ ಸಗಣಿ ತುಂಬಿದೆಯೇನೋ? ತಿಳಿದೋರ ಮಾತು ಕೇಳು," ಅಂದೆ.

"ಅಕ್ಕ, ನೀನು ಸುಮ್ನಿರು."

ಹಿತ್ತಲ ಗಿಡ ಮದ್ದಲ್ಲ, ಇನ್ನೇನು. ಇನ್ನೊಮ್ಮೆ ನೆನೆಸಿ ತೋರಿಸುತ್ತೇನೆಂದು ಇವರು ಹೇಳಿದರೂ ಅವನು ಕಾಯಲಿಲ್ಲ. ಲೈಸೆನ್ಸ್ ಅವನ ಹೆಸರಲ್ಲಿದೆ, ನಾವು ಇಟ್ಟುಕೊಳ್ಳುವಂತಿಲ್ಲ. ಬೇರೆ ಅಂಗಡಿಯಲ್ಲಿ ಕಪ್ಪು ಬಣ್ಣ ಹಾಕಿಸಿಕೊಂಡ. ಅವನು ಗುರಿ ಹೊಡೆಯುವ ಕ್ಲಬ್ಬಿಗೇ ಇವರು ಹೋಗಿ ಹೇಳಿದರು. ಅಲ್ಲಿಯವರು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗೇ ಇದೆಯಲ್ಲ ಸ್ವಾಮಿ," ಅಂದರಂತೆ. ಇವರ ಮೆರುಗು ಅಷ್ಟು ನಯವಾಗಿತ್ತು, ಹಾಳಾದ್ದು.

ಮೊದಲ ಭಾನುವಾರ ಇಪ್ಪತ್ತು ಗುಂಡು ಹೊಡೆದ. ಏನೂ ಆಗಲಿಲ್ಲ. ಫೋನ್ ಮಾಡಿ ನಕ್ಕ. ಅವನು ಕ್ಷೇಮ ಎಂದು ಸಂತೋಷಪಡಬೇಕಾದ ನಾನು ಅತ್ತುಬಿಟ್ಟೆ. ಯಾರಿಗೂ ತಾಗದ ಹಾಗೆ ಅದು ಅಲ್ಲೇ ಒಡೆದುಹೋಗಬಾರದಿತ್ತೇ? ಪ್ರತಿ ಗುಂಡಿಗೂ ಬಿರುಕು ಚೂರು ಚೂರೇ ಬೆಳೆಯುತ್ತದಂತೆ. ಎಷ್ಟನೆಯ ಗುಂಡಿಗೆ ಒಡೆಯುತ್ತದೋ, ಇವರಿಗೂ ಗೊತ್ತಿಲ್ಲ.

ನಿನ್ನೆ ತಮ್ಮನ ಮಗಳು ಫೋನ್ ಮಾಡಿದ್ದಳು. "ಅತ್ತೆ, ಈ ಭಾನುವಾರದಿಂದ ಅಪ್ಪ ನಂಗೂ ಕಲಿಸ್ತಾರೆ, ತಾತನ ಪಿಸ್ತೂಲಲ್ಲೇ. ನೀವೂ ಮಾವನೂ ನೋಡೋಕೆ ಬನ್ನಿ."

"ಬೇಡ ಕಂದಾ, ಅದನ್ನ ಮುಟ್ಟಬೇಡ," ಅಂದೆ.

"ಅಪ್ಪ ಮೊದ್ಲೇ ಹೇಳಿದ್ರು, ನೀವು ಹೀಗೇ ಅಂತೀರಾ ಅಂತ," ಎಂದು ನಕ್ಕಳು.